ನಾಳೆಗೆಂದು ಇಟ್ಟ ಗುಳಂಬ

ಗಂಜ್ ಎಂಬುದು ಪಾರಸಿ ಮಾತು. ಭಂಡಾರ, ನಿಧಿ ಎಂದು ಅದರ ಮೂಲ ಅರ್ಥ. ನಮ್ಮ ಕಲಬುರಗಿಯ ನೆಹರು ಗಂಜಿನಲ್ಲಿ ಓಡಾಡುವಾಗ ಈ ಅರ್ಥ ನೆನಪಿಗೆ ಬಂದರೆ ಅಲ್ಲಿಯ ನೋಟವೇ ಬೇರೆಯಾಗಿ ಕಾಣುತ್ತದೆ. ತೊಗರಿ ಚೀಲಗಳ ಸಾಲು, ತಕ್ಕಡಿಗಳು, ಬೆನ್ನು ಬಾಗಿಸಿ ನಡೆಯುವ ಹಮಾಲರು, ಗೋಡೌನಿನ ಬಾಗಿಲಿಗೆ ತೂಗುವ ದೊಡ್ಡ ಬೀಗ. ಎಲ್ಲವೂ ಕೂಡಿಡುವ ಕೆಲಸಕ್ಕೆ ಸೇರಿದವು. ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಅದೇ ಗಂಜಿಗೆ ನಮ್ಮಂಥ ಹೆಂಗಸರೂ ಚೀಲ ಹಿಡಿದು ಹೋಗುತ್ತೇವೆ. ಐದು ಕಿಲೋ ಬೆಲ್ಲ ಕೇಳಿದರೆ ಸಾಕು, "ಗುಳಂಬಕ್ಕೇನ್ರಿ ಅಕ್ಕೋರ?" ಎಂದು ಅಂಗಡಿಯವನು ತಾನೇ ತಿಳಿದುಕೊಳ್ಳುತ್ತಾನೆ. ಅವನು ಕೂಡಿಡುವವನು, ನಾವೂ ಕೂಡಿಡುವವರೇ. ಅವನ ಗೋಡೌನಿಗೂ ನಮ್ಮ ಭರಣಿಗೂ ಏನಾದರೂ ವ್ಯತ್ಯಾಸವಿದೆಯೇ, ಅಥವಾ ಇರುವುದು ಗಾತ್ರದ ವ್ಯತ್ಯಾಸ ಮಾತ್ರವೇ?

ಗುಳಂಬ ಕಂಡರಿಯದವರಿಗೆ ಎರಡು ಮಾತು ಹೇಳಬೇಕು. ಬಲಿತ ಮಾವಿನಕಾಯಿಯ ಸಿಪ್ಪೆ ತೆಗೆದು ಹೆರೆಯಬೇಕು. ಒಂದು ಬಟ್ಟಲು ತುರಿಗೆ ಒಂದೂವರೆ ಬಟ್ಟಲು ಬೆಲ್ಲ. ಕಾಯಿ ಬಹಳ ಹುಳಿಯಾದರೆ ಇನ್ನೂ ಸ್ವಲ್ಪ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈ ಬಿಡದೆ ತಿರುವಬೇಕು. ಹಿತ್ತಾಳೆ ಪಾತ್ರೆಯಾದರೆ ಕಲಾಯಿ ಇರಲೇಬೇಕು, ಇಲ್ಲದಿದ್ದರೆ ಹುಳಿಗೆ ಕಿಲುಬು ಏಳುತ್ತದೆ. ಒಂದು ಹನಿ ತಟ್ಟೆಗೆ ಬಿಟ್ಟು ಬೆರಳಿನಲ್ಲಿ ಮುಟ್ಟಿದರೆ ಎಳೆ ಬರಬೇಕು. ಆ ಗಳಿಗೆ ದಾಟಿತೋ, ಆರಿದ ಮೇಲೆ ಚಮಚ ಇಳಿಯುವುದಿಲ್ಲ. ಅದಕ್ಕೆ ಮೊದಲೇ ಇಳಿಸಿದರೋ, ಮಳೆಗಾಲಕ್ಕೆ ಬೂಸರು ಬರುತ್ತದೆ. ಕೊನೆಗೆ ಏಲಕ್ಕಿ ಪುಡಿ. ಪೂರ್ತಿ ಆರಿದ ಮೇಲೆ ಒಣಗಿದ ಭರಣಿಗೆ ತುಂಬಿ, ಬಾಯಿಗೆ ಬಿಳಿ ಅರಿವೆ ಕಟ್ಟಿದರೆ ವರ್ಷದ ಚಿಂತೆಯಿಲ್ಲ.

ಈ ಕೆಲಸ ಲೋಕದ ಎಲ್ಲ ಅಡಿಗೆಮನೆಗಳಲ್ಲೂ ಇದೆ. ಮಳೆಗಾಲದಲ್ಲಿ ಉತ್ತರದಿಂದ ನಮ್ಮೂರಿಗೆ ಬರುವ ನಾಶ್ಪಾತಿಯನ್ನೇ ವಿಲಾಯತಿಯ ಗೃಹಿಣಿಯರು ಸಕ್ಕರೆ ಪಾಕದಲ್ಲಿ ಬೇಯಿಸಿ, ಗಾಜಿನ ಶೀಶೆಗೆ ತುಂಬಿ, ಶೀಶೆಯನ್ನು ಕುದಿಯುವ ನೀರಿನಲ್ಲಿಟ್ಟು ಗಾಳಿ ಹೋಗದಂತೆ ಮುಚ್ಚಿ ಇಡುತ್ತಾರೆ. ಶೀಶೆಯೊಳಗಿಟ್ಟು ಕುದಿಸುವ ಈ ಉಪಾಯವನ್ನು ನಿಕೊಲಾ ಅಪೇರ್ ಎಂಬ ಫ್ರೆಂಚ್ ಮಿಠಾಯಿಗಾರ 1810ರಲ್ಲಿ ಪುಸ್ತಕ ಬರೆದು ಜಗತ್ತಿಗೆ ತಿಳಿಸಿದ. ಸರಕಾರ ಅವನಿಗೆ 12,000 ಫ್ರಾಂಕ್ ಕೊಟ್ಟಿತು. ಪದಾರ್ಥ ಯಾಕೆ ಕೆಡುವುದಿಲ್ಲ ಎಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಅರ್ಧ ಶತಮಾನದ ಮೇಲೆ ಪಾಶ್ಚರ್ ಬಂದು ಸೂಕ್ಷ್ಮ ಜೀವಿಗಳ ಮಾತು ಹೇಳಬೇಕಾಯಿತು. ನಮ್ಮ ಗುಳಂಬದಲ್ಲಿ ಆ ಕೆಲಸವನ್ನು ಬೆಲ್ಲವೂ ಹುಳಿಯೂ ಸೇರಿ ಮಾಡುತ್ತವೆ. ನೂರರಲ್ಲಿ ಸುಮಾರು ಅರುವತ್ತೈದು ಪಾಲು ಸಿಹಿಯೇ ಆದರೆ, ಆ ಜೀವಿಗಳಿಗೆ ಬದುಕಲು ಬೇಕಾದ ನೀರನ್ನು ಸಿಹಿಯೇ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಅಜ್ಜಿಯರಿಗೆ ಯಾರೂ ಫ್ರಾಂಕ್ ಕೊಡಲಿಲ್ಲ, ಆ ಮಾತು ಬಿಡಿ.

ನಾನು ಗುಳಂಬ ತಿರುವುವಾಗ ನೆರೆಮನೆಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, "ನಾಳಿ ಅನ್ನೋದು ಯಾರು ಕಂಡಾರವಾ? ಇಷ್ಟ್ಯಾಕ ಕೂಡಿ ಇಡ್ತೀ?" ಎನ್ನುವುದುಂಟು. ಹಗುರಾಗಿ ಅಂದ ಮಾತೇ. ಆದರೆ ಈ ನೆಲದಲ್ಲಿ ಆ ಮಾತಿಗೆ ಎಂಟುನೂರು ವರ್ಷದ ತೂಕವಿದೆ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ; ಈ ಆಸೆ ನಮಗೇಕೆಂದು ಗದರಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ನಮ್ಮೂರ ಶರಣಬಸವೇಶ್ವರರ ಕಥೆಯೂ ಇದೇ ದಾರಿಯದು. ಅರಳಗುಂಡಗಿಯಲ್ಲಿ ಹೊಲ ಕಾಯಲು ಕಳಿಸಿದರೆ, ತೆನೆ ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ಕುಡಿಯಲು ನೀರಿಟ್ಟರು ಎಂದು ಹೇಳುತ್ತಾರೆ. ಇಂಥ ಊರಿನಲ್ಲಿ ಕುಳಿತು ಐದು ಕಿಲೋ ಬೆಲ್ಲದ ಗುಳಂಬ ಮಾಡುವುದೆಂದರೆ ಕೈ ಸ್ವಲ್ಪ ಹಿಂಜರಿಯಬೇಕು.

ಆದರೂ ನನಗೆ ದಾಮಾಜಿಪಂತನ ನೆನಪಾಗುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ಮಂಗಳವೇಢೆಯಲ್ಲಿ ಅಧಿಕಾರಿಯಾಗಿದ್ದವನು. ಬರ ಬಂದು ಜನ ಸಾಯತೊಡಗಿದಾಗ ಸರಕಾರಿ ಕಣಜವನ್ನು ಕೇಳದೆ ತೆರೆದು ಹಂಚಿಬಿಟ್ಟ. ಅವನ ಬಾಕಿಯನ್ನು ವಿಠ್ಠಲನೇ ಹೊಲೆಯನ ವೇಷದಲ್ಲಿ ಬೀದರಿಗೆ ಹೋಗಿ ಕಟ್ಟಿದ ಎಂಬುದು ಕಥೆ. ಕೀರ್ತನಕಾರರು ಕಣ್ಣೀರು ತುಂಬಿ ಹೇಳುವುದು ತೆರೆದ ಘಟ್ಟವನ್ನು. ನನಗೆ ಕಾಣುವುದು ಅದಕ್ಕೂ ಹಿಂದಿನ ಘಟ್ಟ: ತೆರೆಯಲು ಒಳಗೆ ಕಾಳು ಇತ್ತಲ್ಲ! ಯಾರೋ ಸುಗ್ಗಿಯಲ್ಲಿ ಅಳೆದು, ಒಣಗಿಸಿ, ಹುಳ ಹಿಡಿಯದಂತೆ ಕಾದಿಟ್ಟಿದ್ದರು. ನಮ್ಮ ಸೀಮೆಯ ಹಗೇವುಗಳ ಕೆಲಸವೂ ಇದೇ ಆಗಿತ್ತು. ನೆಲದೊಳಗೆ ಜೋಳ ಹುಗಿದಿಟ್ಟವರನ್ನು ದುರಾಸೆಯವರೆಂದರೆ, ಬರದಲ್ಲಿ ಆ ಜೋಳ ಉಂಡು ಉಳಿದವರು ಒಪ್ಪಲಿಕ್ಕಿಲ್ಲ.

ಹಾಗಾದರೆ ಗಂಜಿನ ಗೋಡೌನೂ ಹಗೇವೇ ತಾನೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ತೊಗರಿ ರಾಶಿಯಾಗುವುದು ಡಿಸೆಂಬರ್ ಜನವರಿಯಲ್ಲಿ. ಬೀಜ ಗೊಬ್ಬರದ ಸಾಲ ತೀರಿಸಬೇಕಾದ ರೈತ ಆಗಲೇ ಮಾರುತ್ತಾನೆ. ಎಲ್ಲರೂ ಒಮ್ಮೆಗೇ ಮಾರುವುದರಿಂದ ದರ ಕುಸಿಯುತ್ತದೆ. ಇಟ್ಟುಕೊಳ್ಳಬಲ್ಲವನು ಇಟ್ಟುಕೊಳ್ಳುತ್ತಾನೆ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ, ತೊಗರಿಯ ಕಣಜವೆನಿಸಿಕೊಂಡ ನಮ್ಮ ಜಿಲ್ಲೆಯಲ್ಲೂ ಎಷ್ಟೋ ಮನೆಗಳ ಸಾರು ನೀರಾಯಿತು. 2023ರ ಜೂನ್‌ನಲ್ಲಿ ಕೇಂದ್ರ ಸರಕಾರ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದು ತೊಗರಿ ಸಂಗ್ರಹಕ್ಕೆ ಮಿತಿ ಹಾಕಿತು. ಕಾನೂನು ಟನ್ನಿನಲ್ಲಿ ಅಳೆಯುತ್ತದೆ, ಅದಕ್ಕೆ ಬೇರೆ ಅಳತೆ ಇಲ್ಲ. ನನಗೆ ತೋರುವ ಅಳತೆ ಇದು: ಇಟ್ಟವನು ಯಾವ ದಿನಕ್ಕಾಗಿ ಕಾಯುತ್ತಿದ್ದಾನೆ? ಹೊರಗಿನವರ ಕೊರತೆ ಹೆಚ್ಚಿದ ದಿನ ದರಕ್ಕೆ ಕಾಯುವ ಚೀಲದ ಬೆಲೆ ಏರುತ್ತದೆ. ಗುಳಂಬದ ಭರಣಿಗೆ ಅಂಥ ದಿನ ಬೇಕಿಲ್ಲ. ಅದು ಕಾಯುವುದು ಪಂಚಮಿಗೆ ಬರುವ ಮಗಳನ್ನು, ಜ್ವರದಿಂದ ಬಾಯಿ ಕೆಟ್ಟ ಮಗುವನ್ನು, ಕಾಯಿಪಲ್ಲೆ ಸಿಗದ ಮಳೆಯ ದಿನ ರೊಟ್ಟಿಯ ಪಕ್ಕಕ್ಕೆ ಏನಾದರೂ ಬೇಕೆಂಬ ತಟ್ಟೆಯನ್ನು.

ಇಷ್ಟಕ್ಕೆ ನಮ್ಮ ಭರಣಿ ಶುದ್ಧವಾಯಿತೆಂದು ತಿಳಿಯಬೇಡಿ. ಅಟ್ಟದ ಬೀಗದ ಕೈ ಸೆರಗಿಗೆ ಕಟ್ಟಿಕೊಂಡ ಅತ್ತೆಯರನ್ನು ನಾವೆಲ್ಲ ಬಲ್ಲೆವು. ಗುಳಂಬ ಅಳಿಯನ ತಟ್ಟೆಗೆ ಎರಡು ಚಮಚ, ಮಗನ ತಟ್ಟೆಗೆ ಒಂದು. ಹೆರೆದು ಹೆರೆದು ಬೆರಳು ಸುಲಿದುಕೊಂಡ ಸೊಸೆಗೆ ಸಟ್ಟುಗಕ್ಕೆ ಅಂಟಿದ್ದು. ಎಷ್ಟೋ ಮನೆಗಳಲ್ಲಿ ಮುಟ್ಟಾದವಳ ನೆರಳು ಭರಣಿಗೆ ತಾಕಬಾರದು. ಕೆಟ್ಟರೆ ತಪ್ಪು ಅವಳದೇ. ಭರಣಿ ಕೆಡುವುದು ಹಸಿ ಚಮಚದಿಂದ, ಸಾಲದ ಪಾಕದಿಂದ ಎಂದು ಪಾಶ್ಚರನ ಕಾಲದಿಂದಲೂ ಗೊತ್ತಿರುವ ವಿಷಯ. ಹಸಿ ಚಮಚ ಹಾಕಿದ ಗಂಡಸನ್ನು ಯಾರೂ ಹೊರಗೆ ಕೂಡಿಸಿದ್ದಿಲ್ಲ. ಹೀಗೆ ಬೀಗ ಹಾಕಿದ ಭರಣಿ ಚಿಕ್ಕ ಗೋಡೌನೇ, ಒಳಗಿನ ಕೊರತೆಯಿಂದಲೇ ಅದರ ಯಜಮಾನಿಯ ಬೆಲೆ ಏರುತ್ತದೆ.

ಇನ್ನೊಂದಿದೆ. ಏಪ್ರಿಲ್ ತಿಂಗಳಲ್ಲಿ ಒಮ್ಮೆಗೇ ಐದು ಕಿಲೋ ಬೆಲ್ಲ ಕೊಳ್ಳುವ ದುಡ್ಡು ನಮ್ಮ ಜತೆ ಕುಳಿತು ಕಾಯಿ ಹೆರೆಯುವ ಹೆಣ್ಣುಮಗಳಿಗೆ ಇರುವುದಿಲ್ಲ. ಅವಳು ಪಾವು ಕಿಲೋ ತಂದು ಅಂದೇ ಮುಗಿಸುವವಳು. ರೈತ ತೊಗರಿಯನ್ನು ಇಟ್ಟುಕೊಳ್ಳಲಾರದ ಹಾಗೆ ಇವಳು ಬೇಸಗೆಯನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಲಾರಳು. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಬೇಡವೆಂದಳು, ಅದು ಅವಳ ಆಯ್ಕೆ. ಇವಳಿಗೆ ಬೇಡವೆನ್ನಲು ಹೆಚ್ಚಿನದು ಯಾವತ್ತೂ ಎದುರಿಗೆ ಬಂದಿಲ್ಲ. ಕೆಲವು ಮನೆಗಳಲ್ಲಿ ಕೆಲಸದವಳ ಡಬ್ಬಿ ಮೊದಲು ತುಂಬಿಸಿ ಆಮೇಲೆ ಮನೆಯ ಭರಣಿ ತುಂಬುವ ರೂಢಿಯಿದೆ. ಉಳಿದರೆ ಕೊಡೋಣ ಎನ್ನುವುದಕ್ಕಿಂತ ಆ ಕ್ರಮವೇ ನನಗೆ ಸರಿಕಂಡಿದೆ, ಏಕೆಂದರೆ ಉಳಿಯುವುದೆಂಬುದು ಯಾವ ಮನೆಯಲ್ಲೂ ಇಲ್ಲ.

ಕಮಲಾಪುರದ ಕೆಂಪು ಬಾಳೆಯನ್ನು ನೋಡಿ. ಬೀದರ ದಾರಿಯಲ್ಲಿ ಸಿಗುವ ಆ ಊರಿನ ಹಣ್ಣಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ಬೆಲೆಯೂ ಹೆಚ್ಚು. ಮಾವಿನಕಾಯಿಯಷ್ಟು ಹುಳಿ ಅದಕ್ಕಿಲ್ಲ, ಗುಳಂಬದ ಹಾಗೆ ಭರಣಿಯಲ್ಲಿ ಕೂಡುವ ಹಣ್ಣಲ್ಲ. ಗೊನೆ ಹಣ್ಣಾಗತೊಡಗಿತೆಂದರೆ ಮೂರು ನಾಲ್ಕು ದಿನಗಳಲ್ಲಿ ಶೀಕರಣಿ ಮಾಡಿ, ಓಣಿಯ ಮನೆಮನೆಗೂ ಎರಡೆರಡು ಹಂಚಿ ಮುಗಿಸಬೇಕು. ಜಿಪುಣರನ್ನೂ ದಾನಿಗಳನ್ನಾಗಿ ಮಾಡುವ ಹಣ್ಣು ಅದು. ಗುಳಂಬಕ್ಕೆ ಆ ಅವಸರವಿಲ್ಲ; ಕೊಡುವುದಾದರೆ ನಾವೇ ಮನಸ್ಸು ಮಾಡಿ ಮುಚ್ಚಳ ತೆಗೆಯಬೇಕು.

ನಮ್ಮ ಮನೆಯ ಭರಣಿ ದಸರೆಯ ಹೊತ್ತಿಗೆ ತಳ ಕಾಣುತ್ತದೆ. ಬುಡಕ್ಕೆ ಅಂಟಿದ್ದಕ್ಕೆ ತಣ್ಣೀರು ಹಾಕಿ ಅಲ್ಲಾಡಿಸಿದರೆ ಎರಡು ಲೋಟ ಒಳ್ಳೆಯ ಪಾನಕವಾಗುತ್ತದೆ. ಆ ಎರಡು ಲೋಟ ಯಾರಿಗೆ ಎಂಬ ಜಗಳ ಮಾತ್ರ ಪ್ರತಿ ವರ್ಷವೂ ಇದ್ದದ್ದೇ.