ತೂಬಿನ ಮುಂದೆ ನಿಂತಾಗ

ಕಾಲುವೆಯ ಪಕ್ಕದಲ್ಲೇ ನಿಮ್ಮ ಹೊಲವಿದೆ ಎಂದುಕೊಳ್ಳಿರಿ. ನಿಮ್ಮ ಪಾಳಿ ಮುಗಿದಿದೆ, ಬೆಳೆ ತಣಿದಿದೆ. ಆದರೂ ತೂಬು ಮುಚ್ಚಲು ಮನಸ್ಸು ಒಪ್ಪುವುದಿಲ್ಲ. ನಾಳೆ ನೀರು ಬಂದೀತೋ ಇಲ್ಲವೋ! ಹಾಗಾದರೆ ಈಗ ಹರಿಯುತ್ತಿರುವ ನೀರು ಯಾರದು?

ವಿಜಯಪುರ ಜಿಲ್ಲೆಯವರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ಬಸವನ ಬಾಗೇವಾಡಿ, ಮುದ್ದೇಬಿಹಾಳದ ಹೊಲಗಳನ್ನು ಮುಟ್ಟಿದೆ. ನಾರಾಯಣಪುರ ಎಡದಂಡೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ಸಿಂದಗಿಯ ಮೂಲಕ ಇಂಡಿಯತ್ತ ಸಾಗುತ್ತದೆ. ಆದರೆ ಕೊನೆಯ ಹಳ್ಳಿಗಳ ರೈತರು ತಮಗೆ ನೀರು ತಲುಪುತ್ತಿಲ್ಲವೆಂದು ಧರಣಿ ಕುಳಿತದ್ದುಂಟು. ಈ ನೀರಿಗಾಗಿ ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳು ಹಿನ್ನೀರಿಗೆ ಬಲಿಯಾದುದನ್ನು ಮರೆಯದಿರೋಣ.

1987ರ ರಾಷ್ಟ್ರೀಯ ಜಲನೀತಿ ಕುಡಿಯುವ ನೀರಿಗೆ ಮೊದಲ ಸ್ಥಾನ ಕೊಟ್ಟಿತು. 2002 ಮತ್ತು 2012ರ ನೀತಿಗಳು ನಿರ್ವಹಣೆಯಲ್ಲಿ ಬಳಕೆದಾರರೂ ಪಾಲುಗೊಳ್ಳಬೇಕೆಂದವು. ನೀತಿ ಸಫಲವಾಗಲು ಹಣ ಬೇಕು, ಹೂಳಿಲ್ಲದ ಕಾಲುವೆ ಬೇಕು, ಹೇಳಿದ ದಿನ ನೀರು ಬಿಡುವ ಅಧಿಕಾರಿಗಳೂ ಬೇಕು. ಅವರನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ರಾತ್ರಿ ಹೊತ್ತು ತೂಬಿನ ಮುಂದೆ ಒಂಟಿಯಾಗಿ ನಿಲ್ಲುವವರು ನೀವು.

ಮದೀನಾದಲ್ಲಿ ಇಂತಹದೇ ಒಂದು ವ್ಯಾಜ್ಯ ಪ್ರವಾದಿವರ್ಯರ(ಸ) ಮುಂದೆ ಬಂತು. ಝುಬೈರ್(ರ)ರ ತೋಟ ಮೇಲ್ಗಡೆಯಿತ್ತು, ಅನ್ಸಾರಿಯೊಬ್ಬರದು ಕೆಳಗಡೆ. ಮೊದಲು ನೀರುಣಿಸಿ, ಬಳಿಕ ನೆರೆಯವನಿಗೆ ಬಿಟ್ಟುಕೊಡುವಂತೆ ಪ್ರವಾದಿವರ್ಯರು(ಸ) ಝುಬೈರ್‌ರಿಗೆ ಹೇಳಿದರು. ತೀರ್ಪಿನಲ್ಲಿ ಪಕ್ಷಪಾತವಿದೆಯೆಂದು ನೆರೆಯವನು ಆಕ್ಷೇಪಿಸಿದಾಗ, ಬದುವಿನ ಮಟ್ಟಕ್ಕೆ ನೀರು ನಿಲ್ಲುವ ತನಕ ತಡೆದುಕೊಳ್ಳುವ ಪೂರ್ಣ ಹಕ್ಕನ್ನು ಝುಬೈರ್‌ರಿಗೆ ಕೊಡಿಸಿದರು. ಗಮನಿಸಿರಿ: ಮೇಲಿನವನು ಉಪವಾಸ ಬೀಳಬೇಕಾಗಿಲ್ಲ. ಆದರೆ ಅವನ ಪೂರ್ಣ ಹಕ್ಕಿಗೂ ಒಂದು ಅಳತೆಯಿದೆ. ಅಳತೆ ತುಂಬಿದ ಮೇಲೆ ತಡೆದ ನೀರು ಇನ್ನೊಬ್ಬನ ಪಾಲು.

"ನಾನೊಬ್ಬ ಬಿಟ್ಟರೆ ಮಧ್ಯದಲ್ಲಿ ಬೇರೊಬ್ಬ ಕದಿಯುವುದಿಲ್ಲವೇ?" ಎಂದು ನೀವು ಕೇಳಬಹುದು. ಕದ್ದಾನು. ಅದಕ್ಕೆ ಅವನು ಉತ್ತರಿಸುವನು. ಅವನ ತಪ್ಪು ನಿಮ್ಮ ತಪ್ಪಿಗೆ ಪರವಾನಗಿಯಾಗದು. ಅಲ್ಲದೆ ನಮ್ಮ ಎರೆಭೂಮಿ ಅತಿಯಾಗಿ ನೀರು ಕುಡಿದರೆ ಸವಳು-ಜವಳಾಗುತ್ತದೆ. ನೆರೆಯವನ ಪಾಲು ನಿಮ್ಮ ಹೊಲವನ್ನೇ ಕೆಡಿಸುತ್ತದೆ.

ಹರಿಯುವ ಹೊಳೆಯ ದಡದಲ್ಲೂ ವುಝೂಗೆ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ದಿನಕ್ಕೆ ಐದು ಬಾರಿ ನಳ್ಳಿಯ ಮುಂದೆ ಪಡೆಯುವ ಈ ತರಬೇತಿ ತೂಬಿನ ಮುಂದೆ ನೆನಪಾಗದಿದ್ದರೆ ಏನು ಪ್ರಯೋಜನ? ಇಂದು ರಾತ್ರಿ ನಿಮ್ಮ ಪಾಳಿ ಮುಗಿದೊಡನೆ ತೂಬು ಮುಚ್ಚಿರಿ. ಕೆಳಗಿನ ಹೊಲದವನಿಗೆ ನೀವು ಯಾರೆಂದು ಗೊತ್ತಿರಲಾರದು. ಅಲ್ಲಾಹನಿಗೆ ಗೊತ್ತಿದೆ.