ಮರುನಿಂದೆಯೂ ನಿಂದೆಯೇ

ಬೈದವನನ್ನು ಮರಳಿ ಬೈದವನು ತಪ್ಪಿತಸ್ಥನೇ? ‘ಮೊದಲು ಅಂದವನು ಅವನು, ನಾನು ಆಡಿದ್ದು ಕೇವಲ ಉತ್ತರ’ ಎಂಬ ಸಮಾಧಾನ ಲೋಕದಲ್ಲಿ ಬಹು ಹಳೆಯದು. ವಾಟ್ಸಾಪ್, ಫೇಸ್‌ಬುಕ್‌ಗಳು ಮನೆಮನೆಯನ್ನು ಹೊಕ್ಕ ಮೇಲೆ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ.

2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯವು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ರದ್ದುಗೊಳಿಸಿತು. ಅಷ್ಟರಿಂದಲೇ ನಾಲಗೆಗೆ ಲಗಾಮಿಲ್ಲವೆಂದು ತಿಳಿಯಲಾಗದು. 2016ರ ಮೇ 13ರಂದು ಅದೇ ನ್ಯಾಯಾಲಯವು ಮಾನನಷ್ಟವನ್ನು ಅಪರಾಧವೆನ್ನುವ ಕಾನೂನನ್ನು ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ ಅದಕ್ಕೆ 2 ವರ್ಷಗಳವರೆಗಿನ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಇವೆರಡೂ, ಇಲ್ಲವೆ ಸಮುದಾಯ ಸೇವೆಯ ಶಿಕ್ಷೆಯುಂಟು. ಶಾಂತಿ ಕದಡಲೆಂದು ಉದ್ದೇಶಪೂರ್ವಕವಾಗಿ ಕೆಣಕಿ ಅವಮಾನಿಸುವುದು 352ನೆಯ ಕಲಮಿನ ಅಪರಾಧ. ನಷ್ಟಪರಿಹಾರದ ಸಿವಿಲ್ ದಾವೆ ಬೇರೆಯೇ ಇದೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕಾನೂನಿನ ದೃಷ್ಟಿಯಲ್ಲಿ ಮಾನವು ನೆಲೆಸಿರುವುದು ಇತರರ ಎಣಿಕೆಯಲ್ಲಿ. ನಿಂದೆಗೆ ಗುರಿಯಾದವನೊಬ್ಬನಿಗಷ್ಟೇ ಆಡಿದ ಮಾತು ಮಾನನಷ್ಟವಾಗದು. ಅದೇ ಮಾತು ನೂರು ಜನರ ಗುಂಪಿನಲ್ಲಿ ಬಿದ್ದರೆ ಆದೀತು. ಹಾಗಿದ್ದ ಮೇಲೆ ನಾವು ತಿರುಗಿ ಬೈದರೆ ಆ ನೂರು ಜನರ ಮನಸ್ಸಿನಲ್ಲಿ ಕುಂದಿದ ನಮ್ಮ ಮಾನ ಮರಳೀತೇ? ಇಲ್ಲ, ಇನ್ನೊಬ್ಬನ ಮಾನವೂ ಕುಂದೀತು, ಅಷ್ಟೆ. ಆದುದರಿಂದಲೇ ಮರುನಿಂದೆಯು ಮೊದಲ ನಿಂದೆಯನ್ನು ಅಳಿಸದು. ಅದು ತಾನೇ ಎರಡನೆಯ ಅಪರಾಧವಾಗಬಲ್ಲದು.

‘ಹಾಗಾದರೆ ಅನ್ಯಾಯವನ್ನು ಕಂಡೂ ಸುಮ್ಮನಿರಬೇಕೇ?’ ಎಂದು ಕೇಳಬಹುದು. ಬೇಡ. ವಾಕ್ಸಂಯಮವೆಂದರೆ ಮೂಕತನವಲ್ಲ. ಬಸದಿಯ ಲೆಕ್ಕಪತ್ರಗಳಲ್ಲಿ ಸಂಶಯವಿದ್ದರೆ ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ದೂರು ಕೊಡುವುದನ್ನು ಕಾನೂನು ಮಾನನಷ್ಟವೆಂದು ಎಣಿಸುವುದಿಲ್ಲ. ಅದೇ ಆರೋಪವನ್ನು ಕೋಪದಿಂದ ಗುಂಪಿನಲ್ಲಿ ಹರಡಿದವನಿಗೆ ಆ ರಕ್ಷಣೆಯಿಲ್ಲ. ಮಾತು ನಿಜವೆಂದರಷ್ಟೇ ಅಪರಾಧದಿಂದ ಪಾರಾಗಲಾಗದು. ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿ ಎಂಬುದೂ ಸಿದ್ಧವಾಗಬೇಕು. ಸಂಸ್ಥೆಗೂ ಮಾನವುಂಟೆಂಬುದನ್ನು ಟ್ರಸ್ಟಿನ ಸದಸ್ಯರು ಮರೆಯಬಾರದು.

ಇಷ್ಟು ಕಠಿಣವಾದ ಕಾನೂನೂ ಕ್ಷಮೆಗೆ ಒಂದು ಬಾಗಿಲನ್ನು ತೆರೆದಿಟ್ಟಿದೆ. ಸಾಮಾನ್ಯ ಜನರ ನಡುವಿನ ಇಂತಹ ಮೊಕದ್ದಮೆಯನ್ನು ನೊಂದವನು ರಾಜಿಯಿಂದ ಮುಗಿಸಬಹುದು. ಪರಸ್ಪರ ನಿಂದಿಸಿದಲ್ಲಿ ಇಬ್ಬರೂ ನೊಂದವರು, ಇಬ್ಬರೂ ನೋಯಿಸಿದವರು. ಒಬ್ಬನ ಬಿಡುಗಡೆ ಇನ್ನೊಬ್ಬನ ಕೈಯಲ್ಲಿದೆ. ಅದನ್ನು ಕೇಳುವುದಕ್ಕೂ ಕೊಡುವುದಕ್ಕೂ ಮುಂದಿನ ಕ್ಷಮಾವಣಿಯವರೆಗೆ ಕಾಯಬೇಕಾಗಿಲ್ಲ.