ಪುಟ್ಟ ಪರದೆಯ ಮಾತು ಯಾರದು?

ಹದಿನಾರು ಅಕ್ಷರಗಳ ಎರಡು ಸಾಲಿನ ಎಲ್‌ಸಿಡಿ ಪರದೆಗೆ ಮನೆಯ ವೈಫೈ ಮೂಲಕ ‘ಟ್ಯಾಂಕ್ ಫುಲ್’ ಎಂಬ ಸಂದೇಶ ಬಂದರೆ, ಅದನ್ನು ಹೇಳಿದವರು ಯಾರು? ಗೌತಮನ ನ್ಯಾಯಸೂತ್ರದ ಪ್ರಕಾರ ಆಪ್ತನ, ಅಂದರೆ ನಂಬಲರ್ಹನ ಮಾತೇ ಶಬ್ದಪ್ರಮಾಣ (ಮಾತಿನ ಮೂಲಕ ಬರುವ ಅರಿವಿನ ಆಧಾರ). ಮನೆಯವರೇ ಮೊಬೈಲಿನಿಂದ ಬರೆದು ಕಳಿಸಿದ್ದರೆ ಅದು ಆಪ್ತವಾಕ್ಯವೇ ಸರಿ. ಸೆನ್ಸರ್ ಕಳಿಸಿದ್ದರೆ? ಪರದೆಯ ಹಿಂದಿನ ಎಚ್‌ಡಿ44780 ಚಿಪ್ 80 ಅಕ್ಷರಸಂಕೇತಗಳನ್ನು ಹಿಡಿದಿಟ್ಟು, ಒಂದೊಂದನ್ನೂ 5×8 ಚುಕ್ಕೆಗಳಲ್ಲಿ ಮೂಡಿಸುತ್ತದೆ, ಅಷ್ಟೆ. ಅರ್ಥದ ಗೊಡವೆ ಅದಕ್ಕಿಲ್ಲ. ವೈಫೈ ಕಡಿದರೂ ಹಳೆಯ ಸಾಲು ಅಳಿಯದು. ಟ್ಯಾಂಕ್ ಬರಿದಾದ ಮೇಲೂ ‘ಫುಲ್’ ಎನ್ನುತ್ತಲೇ ಇರುತ್ತದೆ. ಇದನ್ನು ಸುಳ್ಳೆನ್ನಲಾಗದು, ಸುಳ್ಳಾಡುವವನೇ ಇಲ್ಲಿಲ್ಲವಲ್ಲ! ಶಬ್ದವನ್ನು ಅನುಮಾನದೊಳಗೇ, ಅಂದರೆ ಊಹೆಯೊಳಗೇ ಸೇರಿಸಿದ ವೈಶೇಷಿಕ ದರ್ಶನದವರ ನಿಲುವು ಇಲ್ಲಿ ಹೆಚ್ಚು ಒಪ್ಪುತ್ತದೆ: ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಅಕ್ಷರದಿಂದ ನೀರನ್ನು ಊಹಿಸಬೇಕು. ಹೊಗೆ ಯಾವಾಗಿನದು ಎಂಬುದೂ ಗೊತ್ತಿರಬೇಕಾದ್ದರಿಂದ, ಎರಡನೇ ಸಾಲಿನಲ್ಲಿ ಸಂದೇಶ ಹೊರಟ ಗಂಟೆ, ನಿಮಿಷ ಕಾಣಿಸುವುದು ಅಗತ್ಯ.